ರಿಪೋರ್ಟ್ ನಾರ್ಮಲ್, ಆದರೂ ಎದೆ ಡವಡವ

ಎಲ್ಲರಿಗೂ ನಮಸ್ಕಾರ.

2021ರ ಅಕ್ಟೋಬರ್ 29 ನೆನಪಿದೆ ಅಲ್ವಾ? ಪುನೀತ್ ರಾಜ್‌ಕುಮಾರ್ ತೀರಿಕೊಂಡ ದಿನ. ಅವರಿಗೆ ಆಗ 46 ವರ್ಷ. ಆಮೇಲಿನ ದಿನಗಳಲ್ಲಿ ಬೆಂಗಳೂರಿನ ಜಯದೇವ ಆಸ್ಪತ್ರೆಯಲ್ಲಿ ಹೃದಯ ತಪಾಸಣೆಗೆ ಜನ ಸಾಲುಗಟ್ಟಿದರು. ಸುದ್ದಿ ಕೇಳಿಯೇ ಎದೆ ಹಿಡಿದುಕೊಂಡವರು ನಿಮ್ಮ ಮನೆಯಲ್ಲೂ ಇದ್ದಿರಬಹುದು. ಚೆನ್ನಾಗಿರುವವರಿಗೇ ಹೀಗಾದರೆ, ನಿಜವಾಗಿಯೂ ಹಾರ್ಟ್ ಅಟ್ಯಾಕ್ ಆಗಿ ಸ್ಟೆಂಟ್ ಹಾಕಿಸಿಕೊಂಡವರ ಪಾಡೇನು? ಇವತ್ತಿನ ಮಾತು ಅವರ ಬಗ್ಗೆ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಎದೆನೋವು ಬಂದರೆ ಇದು ಮನಸ್ಸಿನದೋ ಹೃದಯದ್ದೋ ಅಂತ ಮನೆಯಲ್ಲಿ ಕೂತು ಪಂಚಾಯಿತಿ ಮಾಡಬೇಡಿ. ಗ್ಯಾಸ್ಟ್ರಿಕ್ ಇರಬೇಕು ಅಂತ ಸೋಡಾ ಕುಡಿದು ಮಲಗಬೇಡಿ. ಆಸ್ಪತ್ರೆಗೆ ಹೋಗಿ, ಇಸಿಜಿ ಮಾಡಿಸಿ. ನಾನು ಹೇಳುವುದೆಲ್ಲ ಅದಾದ ಮೇಲಿನ ಕಥೆ.

ರಾತ್ರಿ ಎರಡು ಗಂಟೆ. ಸ್ಟೆಂಟ್ ಹಾಕಿಸಿಕೊಂಡವರಿಗೆ ಎಚ್ಚರವಾಗುತ್ತದೆ. ಎಡಗಡೆ ಏನೋ ಚುಳ್ ಅಂತು. ಮೊದಲಾಗಿದ್ದರೆ ಮಗ್ಗುಲು ಬದಲಿಸಿ ಮಲಗುತ್ತಿದ್ದರು. ಈಗ ಹಾಗಿಲ್ಲ. 'ಮತ್ತೆ ಬಂತಾ?' ಅನ್ನುವ ಯೋಚನೆ. ಆ ಹೆದರಿಕೆಗೆ ಮೈಯಲ್ಲಿ ಅಡ್ರಿನಲಿನ್ ಏರುತ್ತದೆ. ಎದೆ ಡವಡವ ಹೊಡೆದುಕೊಳ್ಳುತ್ತದೆ, ಬೆವರು ಕೀಳುತ್ತದೆ, ಉಸಿರು ಜೋರಾಗುತ್ತದೆ. ಹೀಗೆ ಜಾಸ್ತಿ ಉಸಿರಾಡಿದಾಗ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗುತ್ತದೆ. ಬೆರಳ ತುದಿ ಜುಮ್ ಅನ್ನುತ್ತದೆ, ತಲೆ ತಿರುಗುತ್ತದೆ, ಎದೆ ಬಿಗಿಯುತ್ತದೆ. ವಿಚಿತ್ರ ನೋಡಿ, ಉಸಿರಾಟ ಜಾಸ್ತಿಯಾಗಿದೆ, ಆದರೆ ಅವರಿಗೆ ಗಾಳಿಯೇ ಸಾಲುತ್ತಿಲ್ಲ ಅನ್ನಿಸುತ್ತದೆ. ಹೆದರಿಕೆ ಇನ್ನಷ್ಟು ಏರುತ್ತದೆ. ಮನೆಯವರೆಲ್ಲ ಎದ್ದು, ಆಟೋ ಹಿಡಿದು ಓಡುತ್ತಾರೆ.

ಇಸಿಜಿ ಸರಿಯಾಗಿದೆ. ರಕ್ತ ಪರೀಕ್ಷೆಯೂ ಸರಿಯಾಗಿದೆ. "ಏನೂ ಇಲ್ಲ, ಸುಮ್ನೆ ಟೆನ್ಷನ್ ಮಾಡ್ಕೋಬೇಡಿ" ಅಂತ ಕಳಿಸುತ್ತಾರೆ.

ಈ 'ಏನೂ ಇಲ್ಲ' ಇದೆಯಲ್ಲ, ಅದು ನನಗೆ ಆಗಿಬರುವುದಿಲ್ಲ. ಬೆವರು ನಿಜ, ಬಿಗಿತ ನಿಜ. ಅವರೇನು ನಾಟಕ ಆಡಿದ್ದಲ್ಲ. ನಮ್ಮ ಭಾಷೆಗೆ ಇದು ಗೊತ್ತು. ಎದೆ ಒಡೆಯಿತು, ಎದೆ ಧಸಕ್ಕೆಂದಿತು, ಎದೆ ಭಾರವಾಯಿತು ಅನ್ನುತ್ತೇವೆ. ಧೈರ್ಯಕ್ಕೂ ಎದೆಗಾರಿಕೆ ಅನ್ನುತ್ತೇವೆ. ಮೈ ಒಂದು ಕಡೆ, ಮನಸ್ಸು ಇನ್ನೊಂದು ಕಡೆ ಅಂತ ಕನ್ನಡ ಯಾವತ್ತೂ ಪಾಲು ಮಾಡಿಲ್ಲ. ಪಾಲು ಮಾಡಿದ್ದು ಆಸ್ಪತ್ರೆಯ ಬೋರ್ಡುಗಳು.

ಎದೆ ಒಡೆಯುವುದು ಬರೀ ಮಾತಲ್ಲ. 1990ರಲ್ಲಿ ಜಪಾನಿನ ವೈದ್ಯರು ಒಂದು ಕಾಯಿಲೆಯ ಬಗ್ಗೆ ಬರೆದರು. ದೊಡ್ಡ ದುಃಖ ಅಥವಾ ಆಘಾತದ ನಂತರ ಹೃದಯದ ಒಂದು ಭಾಗ ಇದ್ದಕ್ಕಿದ್ದಂತೆ ಸೋತು ಬಲೂನಿನಂತೆ ಉಬ್ಬುತ್ತದೆ. ಲಕ್ಷಣ ಹಾರ್ಟ್ ಅಟ್ಯಾಕಿನದೇ, ಆದರೆ ಆಂಜಿಯೋಗ್ರಾಂನಲ್ಲಿ ಅದಕ್ಕೆ ಕಾರಣವಾಗುವಂಥ ಬ್ಲಾಕ್ ಕಾಣುವುದಿಲ್ಲ. ಆಕಾರ ಆಕ್ಟೋಪಸ್ ಹಿಡಿಯುವ ಮಡಕೆಯಂತೆ ಇದ್ದುದರಿಂದ ಆ ಮಡಕೆಯ ಹೆಸರನ್ನೇ ಇಟ್ಟರು: ಟಾಕೋಟ್ಸುಬೊ. ಹೆಚ್ಚಾಗಿ ಮುಟ್ಟು ನಿಂತ ಹೆಂಗಸರಲ್ಲಿ ಕಾಣುತ್ತದೆ. ಬಹಳಷ್ಟು ಜನರಿಗೆ ಕೆಲವು ವಾರಗಳಲ್ಲಿ ಸರಿಹೋಗುತ್ತದೆ.

2004ರಲ್ಲಿ ಇಂಟರ್‌ಹಾರ್ಟ್ ಅಧ್ಯಯನ ಬಂತು. 52 ದೇಶಗಳ ಜನರನ್ನು ನೋಡಿದ್ದರು. ಮುಂದೆ ನಿಂತು ನಡೆಸಿದವರು ಸಲೀಂ ಯೂಸುಫ್, ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನಲ್ಲಿ ಓದಿದವರು. ಹಾರ್ಟ್ ಅಟ್ಯಾಕಿನ ಕಾರಣಗಳಲ್ಲಿ ಬೀಡಿ ಸಿಗರೇಟು, ಸಕ್ಕರೆ ಕಾಯಿಲೆ, ಪ್ರೆಷರ್ ಜೊತೆಗೆ ಮನಸ್ಸಿನ ಒತ್ತಡವೂ ಸೇರಿತ್ತು. ಅದಕ್ಕೂ ಮೊದಲು, 1993ರಲ್ಲಿ, ಕೆನಡಾದ ಮಾಂಟ್ರಿಯಲ್‌ನಲ್ಲಿ ಹಾರ್ಟ್ ಅಟ್ಯಾಕ್ ಆದ 222 ಜನರನ್ನು ಆರು ತಿಂಗಳು ಗಮನಿಸಿದ್ದರು. ಖಿನ್ನತೆ ಇದ್ದವರಲ್ಲಿ ಸಾವು ಜಾಸ್ತಿ ಇತ್ತು.

ಹಾಗಾದರೆ ಖಿನ್ನತೆಗೆ ಚಿಕಿತ್ಸೆ ಕೊಟ್ಟರೆ ಜೀವ ಉಳಿಯುತ್ತದಾ? ಅಮೆರಿಕದಲ್ಲಿ ಹಾರ್ಟ್ ಅಟ್ಯಾಕ್ ಆದ ಸುಮಾರು 2,500 ಜನರ ಮೇಲೆ ಇದನ್ನೇ ನೋಡಿದರು. 2003ರಲ್ಲಿ ಉತ್ತರ ಬಂತು. ಮನಸ್ಸು ಒಂದಿಷ್ಟು ಹಗುರಾಯಿತು, ಸಾವು ಮಾತ್ರ ಕಡಿಮೆಯಾಗಲಿಲ್ಲ. ಮತ್ತೆ ಲಾಭವೇನು ಅಂತೀರಾ? ಇರುವಷ್ಟು ದಿನ ರಾತ್ರಿ ನಿದ್ದೆ ಬರುವುದು ಲಾಭವಲ್ಲವೇ?

ಸುಸ್ತಿನ ವಿಷಯ ಇನ್ನೂ ಗೋಜಲು. ಹೃದಯದ ಪಂಪಿಂಗ್ ಕಡಿಮೆಯಾದರೂ ಸುಸ್ತು, ಕೆಲವು ಮಾತ್ರೆಗಳಿಗೂ ಸುಸ್ತು, ಖಿನ್ನತೆಗೂ ಸುಸ್ತು. ನಮ್ಮ ಹಿರಿಯರು 'ಮನಸ್ಸಿಗೆ ಬೇಜಾರು' ಅಂತ ಡಾಕ್ಟರ ಮುಂದೆ ಹೇಳುವುದೇ ಇಲ್ಲ. 'ಕೈಕಾಲಲ್ಲಿ ಶಕ್ತಿ ಇಲ್ಲ' ಅನ್ನುತ್ತಾರೆ. ಹಾಗಂತ ನೀವೇ ಮಾತ್ರೆ ನಿಲ್ಲಿಸಬೇಡಿ. ಎರಡು ವಾರದಿಂದ ಯಾವುದರಲ್ಲೂ ಆಸಕ್ತಿ ಇಲ್ಲವಾ? ಮಂಕಾಗಿ ಕೂರುತ್ತಿದ್ದಾರಾ? ಡಾಕ್ಟರಿಗೆ ಇದನ್ನೂ ಹೇಳಿ. ಫೋನಿನಲ್ಲಿ ಕನ್ನಡದಲ್ಲೇ ಮಾತಾಡಬೇಕು ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, ನಂಬರ್ 14416.

ಮನೆಯವರಿಗೂ ಒಂದು ಮಾತು. "ಮೆಟ್ಟಿಲು ಹತ್ತಬೇಡಿ, ಚೀಲ ಎತ್ತಬೇಡಿ, ನೀವು ಕೂತಿರಿ ಸಾಕು" ಅಂತ ಪ್ರೀತಿಯಿಂದಲೇ ಹೇಳುತ್ತೀರಿ. ಕೇಳುವವರಿಗೆ ಅದು 'ನಿಮ್ಮ ಕಥೆ ಮುಗಿಯಿತು' ಅಂತ ಕೇಳಿಸುತ್ತದೆ. ಎಷ್ಟು ದೂರ ನಡೆಯಬಹುದು ಅಂತ ಡಾಕ್ಟರನ್ನು ಕೇಳಿ, ಅಷ್ಟು ದೂರ ಜೊತೆಗೆ ನಡೆಯಿರಿ. ಹಾಲು ತರೋಕೆ ಅವರನ್ನೇ ಕಳಿಸಿ.

ಹಿಂದಿನ ಸಾಲಿನಲ್ಲಿ ಒಬ್ಬರು ಆಗಿನಿಂದ ಕೈ ಎತ್ತಿದ್ದಾರೆ. ಕೇಳಿ ಅಮ್ಮಾ.