ಮೆಟ್ರೋದ ಹಳದಿ ಟೈಲ್ಸ್ ಹಿಂದೆ ಒಂದು ಪಾಚಿ ಕತೆ ಇದೆ

[ದೃಶ್ಯ: ಮೆಟ್ರೋ ಪ್ಲಾಟ್‌ಫಾರಂ. ಕಾಲುಗಳು ಮಾತ್ರ ಕಾಣುತ್ತಿವೆ. ಹಳದಿ ಟೈಲ್ಸ್ ಮೇಲೆ ಶೂ, ಚಪ್ಪಲಿ, ಒಂದು ಟ್ರಾಲಿ ಬ್ಯಾಗ್.]

ಎಲ್ಲರಿಗೂ ನಮಸ್ಕಾರ. ಈ ಹಳದಿ ಟೈಲ್ಸ್ ನೋಡಿದ್ದೀರಿ ಅಲ್ವಾ? ಮೆಟ್ರೋದಲ್ಲಿ, ದೊಡ್ಡ ರೈಲ್ವೆ ನಿಲ್ದಾಣಗಳಲ್ಲಿ, ಹೊಸದಾಗಿ ಮಾಡಿದ ಫುಟ್‌ಪಾತ್‌ಗಳ ಮೇಲೆ ಇರುತ್ತವೆ. ಕೆಲವದರ ಮೇಲೆ ಉದ್ದುದ್ದ ಗೆರೆ. ಕೆಲವದರ ಮೇಲೆ ಗುಂಡು ಗುಂಡು ಉಬ್ಬು. ಕಾಲು ಜಾರದೆ ಇರಲಿ ಅಂತ ಹಾಕಿದ್ದಾರೆ ಎಂದುಕೊಂಡವರು ತುಂಬಾ ಜನ ಇದ್ದಾರೆ. ಆದರೆ ಇದು ಕಣ್ಣು ಕಾಣದವರು ನಡೆಯುವ ದಾರಿ.

ಈ ವಿಷಯ ನನ್ನ ತಲೆಗೆ ಬಂದದ್ದು ಬೇರೆಯದೇ ಒಂದು ಪ್ರಶ್ನೆಯಿಂದ. ಹಾಸನದ ಕಡೆಯ ಒಬ್ಬ ಕಾಲೇಜು ಹುಡುಗಿ ನಮಗೆ ಬರೆದಿದ್ದರು. ನಾಲ್ಕು ಜನಕ್ಕೆ ಉಪಯೋಗ ಆಗುವಂಥದ್ದು ಏನಾದರೂ ಹೊಸದಾಗಿ ಮಾಡಬೇಕು ಅಂತ ಅವರಿಗೆ ತುಂಬಾ ಆಸೆ. ಆದರೆ ಪೆನ್ನು ಪುಸ್ತಕ ಹಿಡಿದು ಕೂತರೆ ಏನೂ ಹೊಳೆಯುವುದಿಲ್ಲವಂತೆ. "ಇಂಥ ಐಡಿಯಾಗಳು ಜನರಿಗೆ ಎಲ್ಲಿಂದ ಬರುತ್ತವೆ ಸರ್?" ಎಂದು ಕೇಳಿದ್ದರು. ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಹುಡುಕುತ್ತಾ ಹೋದೆ. ಹೋಗಿ ಸೇರಿದ್ದು ಜಪಾನಿನ ಒಕಾಯಾಮ ಎಂಬ ಊರಿಗೆ.

ಮೊದಲು ಟೈಲ್ಸ್ ಹೇಗೆ ಕೆಲಸ ಮಾಡುತ್ತದೆ ಅಂತ ಬೇಗ ಹೇಳಿಬಿಡುತ್ತೇನೆ. ಉದ್ದ ಗೆರೆ ಇದ್ದರೆ, ಹೀಗೇ ಮುಂದೆ ಹೋಗಿ. ಗುಂಡು ಉಬ್ಬು ಇದ್ದರೆ, ನಿಲ್ಲಿ, ಮುಂದೆ ಏನೋ ಇದೆ. ಮೆಟ್ಟಿಲು ಇರಬಹುದು, ದಾರಿ ತಿರುಗಬಹುದು, ಪ್ಲಾಟ್‌ಫಾರಂ ಅಂಚು ಇರಬಹುದು. ಉಬ್ಬಿನ ಎತ್ತರ ಸುಮಾರು 5 ಮಿಲಿಮೀಟರ್. ಬಿಳಿ ಕೋಲಿಗೂ ಗೊತ್ತಾಗುತ್ತದೆ, ಚಪ್ಪಲಿಯೊಳಗಿನ ಪಾದಕ್ಕೂ ಗೊತ್ತಾಗುತ್ತದೆ. ಹಳದಿ ಬಣ್ಣ ಯಾಕೆ? ಕಣ್ಣು ಕಾಣದವರು ಅಂದರೆ ಎಲ್ಲರಿಗೂ ಪೂರ್ತಿ ಕತ್ತಲೆ ಅಲ್ಲ. ಎಷ್ಟೋ ಜನರಿಗೆ ಮಂಜು ಮಂಜಾಗಿ ಕಾಣುತ್ತದೆ. ಬೂದು ನೆಲದ ನಡುವೆ ಹಳದಿ ಪಟ್ಟಿ ಅವರ ಕಣ್ಣಿಗೆ ಸಿಗುತ್ತದೆ.

ಸರಿ, ಈಗ ಕತೆ.

[ದೃಶ್ಯ: ಜಪಾನಿನ ನಕ್ಷೆ. ಒಕಾಯಾಮ ಗುರುತು.]

1960ರ ದಶಕ. ಜಪಾನಿನ ರಸ್ತೆಗಳಲ್ಲಿ ಕಾರುಗಳು ದಿನೇ ದಿನೇ ಜಾಸ್ತಿ ಆಗುತ್ತಿದ್ದ ಕಾಲ. ಒಕಾಯಾಮದಲ್ಲಿ ಸೆಯಿಚಿ ಮಿಯಾಕೆ ಅಂತ ಒಬ್ಬರಿದ್ದರು. ಅವರು ಎಂಜಿನಿಯರ್ ಅಲ್ಲ, ಡಾಕ್ಟರ್ ಅಲ್ಲ. ಒಂದು ವಸತಿಗೃಹ ನಡೆಸುತ್ತಿದ್ದವರು. ಅವರ ಗೆಳೆಯ ಹಿದೆಯುಕಿ ಇವಾಹಾಷಿ ಅವರಿಗೆ ಕಣ್ಣಿನ ದೃಷ್ಟಿ ಹೋಗುತ್ತಾ ಬಂದಿತ್ತು. ಕಣ್ಣು ಕಾಣದವರು ರಸ್ತೆಯಲ್ಲಿ ಧೈರ್ಯವಾಗಿ ಓಡಾಡಲು ಏನಾದರೂ ಮಾಡಬೇಕು ಎನ್ನುವುದು ಮಿಯಾಕೆ ಅವರ ತಲೆಯಲ್ಲಿ ಕೂತುಬಿಟ್ಟಿತ್ತು. ಏನು ಮಾಡಬೇಕು ಅಂತ ಮಾತ್ರ ಹೊಳೆದಿರಲಿಲ್ಲ. ನಮ್ಮ ಹಾಸನದ ಹುಡುಗಿಗೆ ಈಗ ಆಗಿದೆಯಲ್ಲ, ಹಾಗೆಯೇ.

ಒಂದು ಸಲ ಮಾತಿನ ನಡುವೆ ಗೆಳೆಯ ಒಂದು ವಿಷಯ ಹೇಳಿದರು. ಪಾಚಿ ಬೆಳೆದ ಜಾಗ ಎಲ್ಲಿ ಮುಗಿಯುತ್ತದೆ, ಬರೀ ಮಣ್ಣು ಎಲ್ಲಿ ಶುರುವಾಗುತ್ತದೆ ಅನ್ನುವುದು ನನಗೆ ಶೂ ಹಾಕಿಕೊಂಡಿದ್ದರೂ ಕಾಲಿಗೆ ಗೊತ್ತಾಗುತ್ತದೆ ಅಂತ.

ಅಷ್ಟೇ. ಆ ಮಾತು ಮಿಯಾಕೆ ಅವರಿಗೆ ದಾರಿ ತೋರಿಸಿತು.

[ದೃಶ್ಯ: ಮಳೆಗಾಲದ ಅಂಗಳ. ಹಸಿರು ಪಾಚಿಯ ಮೇಲೆ ಪಾದ.]

ಇದನ್ನು ಓದಿದಾಗ ನಾನು ಎದ್ದು ಮನೆಯಲ್ಲೇ ನಾಲ್ಕು ಹೆಜ್ಜೆ ಓಡಾಡಿದೆ. ಯಾಕೆ ಅಂದರೆ ಇದು ನನಗೆ ಗೊತ್ತಿದ್ದ ವಿಷಯ! ನನ್ನ ಅಜ್ಜಿ ಮನೆ ಮಲೆನಾಡಿನಲ್ಲಿ. ಮಳೆಗಾಲ ಬಂತೆಂದರೆ ಅಂಗಳವೆಲ್ಲ ಹಸಿರು ಹಾವಸೆ. ಪಾಚಿಗೆ ನಮ್ಮ ಕಡೆ ಹಾವಸೆ ಅಂತಾರೆ. ಜಾರಿ ಬೀಳಬಾರದು ಅಂತ ಅಂಗಳದ ಉದ್ದಕ್ಕೂ ಅಡಿಕೆ ದಬ್ಬೆ, ಅಂದರೆ ಅಡಿಕೆ ಮರ ಸೀಳಿದ ಪಟ್ಟಿ, ಹಾಸುತ್ತಿದ್ದರು. ಮನೆ ಬಾಗಿಲಿಂದ ಕೊಟ್ಟಿಗೆಗೆ ಒಂದು ಸಾಲು, ಬಚ್ಚಲಿಗೆ ಒಂದು ಸಾಲು. ಜೋರು ಮಳೆಯಲ್ಲಿ ಕರೆಂಟ್ ಹೋದರೆ ಮೂರು ದಿನ ಬರುತ್ತಿರಲಿಲ್ಲ. ಆ ಕತ್ತಲಲ್ಲಿ ಅಜ್ಜಿ ಹಾಲಿನ ಚೊಂಬು ಹಿಡಿದು ಕೊಟ್ಟಿಗೆಗೆ ಹೋಗಿ ಬರುತ್ತಿದ್ದರು. ಟಾರ್ಚ್ ಬೇಡವೇ ಅಜ್ಜಿ ಅಂದರೆ, "ಕಾಲಿಗೆ ದಬ್ಬೆ ಸಿಕ್ತಲ್ಲ ಮಗಾ, ಸಾಕು" ಅನ್ನುತ್ತಿದ್ದರು.

ದಬ್ಬೆ ಗಟ್ಟಿ, ಅದರ ಮೇಲೆ ಉದ್ದುದ್ದ ನಾರಿನ ಗೆರೆ. ಪಕ್ಕದ ಹಾವಸೆ ಮೆತ್ತಗೆ, ನುಣ್ಣಗೆ. ಒಂದು ಹೆಜ್ಜೆ ತಪ್ಪಿದರೆ ಪಾದವೇ ಹೇಳುತ್ತಿತ್ತು, ಇದು ದಾರಿ ಅಲ್ಲ ಅಂತ. ಅಜ್ಜಿಯ ಅಂಗಳದ ದಬ್ಬೆ ಸಾಲೂ ಮೆಟ್ರೋದ ಗೆರೆ ಟೈಲ್ಸ್‌ಗಳೂ ಮಾಡುವ ಕೆಲಸ ಒಂದೇ. ನಾನು ಆ ದಬ್ಬೆ ಮೇಲೆ ಹತ್ತಾರು ಮಳೆಗಾಲ ನಡೆದಿದ್ದೇನೆ. ಆದರೆ ಆ ದಾರಿ ಇನ್ನೊಬ್ಬರಿಗೆ ಬೇಕಾಗಬಹುದು ಅಂತ ನನಗೆ ಹೊಳೆಯಲೇ ಇಲ್ಲ. ನಾನು ಯಾರನ್ನೂ ಕೇಳಿರಲಿಲ್ಲವಲ್ಲ.

ಮಿಯಾಕೆ ಅವರಿಗೆ ಗೆಳೆಯ ಹೇಳಿದ್ದರು. ಈ ವಿಡಿಯೋದಲ್ಲಿ ನಾನು ಹೇಳಬೇಕೆಂದಿರುವ ಮುಖ್ಯ ವಿಷಯವೇ ಇದು. ಐಡಿಯಾ ಬಂದದ್ದು ಕಣ್ಣು ಕಾಣದವರಿಂದಲೇ. "ಅಯ್ಯೋ ಪಾಪ" ಅಂದು ಸುಮ್ಮನಿದ್ದರೆ ಪಾಚಿಯ ಮಾತು ಕಿವಿಗೆ ಬೀಳುತ್ತಿರಲಿಲ್ಲ. ಅವರು ಗೆಳೆಯನ ಜೊತೆ ಕೂತು, ನಿನ್ನ ಕಾಲಿಗೆ ಏನು ಗೊತ್ತಾಗುತ್ತದೆ ಅನ್ನುವುದನ್ನು ಕಿವಿಗೊಟ್ಟು ಕೇಳಿದರು.

1965ರಲ್ಲಿ ಟೈಲ್ಸ್ ತಯಾರಾಯಿತು. ಅದಕ್ಕೆ ಮಿಯಾಕೆ ತಮ್ಮ ಕೈಯಿಂದಲೇ ಹಣ ಹಾಕಿದರು. 1967ರ ಮಾರ್ಚ್ 18ರಂದು ಒಕಾಯಾಮದ ಅಂಧರ ಶಾಲೆಯ ಹತ್ತಿರದ ಒಂದು ರಸ್ತೆ ದಾಟುವ ಜಾಗದಲ್ಲಿ 230 ಟೈಲ್ಸ್ ಹಾಕಿದರು. ಜಗತ್ತಿನಲ್ಲಿ ಅದೇ ಮೊದಲು. ಜಪಾನಿನಲ್ಲಿ ಇವತ್ತಿಗೂ ಮಾರ್ಚ್ 18 ಈ ಟೈಲ್ಸ್‌ಗಳ ದಿನ.

[ದೃಶ್ಯ: ಇಸವಿಗಳು ಒಂದೊಂದಾಗಿ ತೆರೆಯ ಮೇಲೆ.]

ಆಮೇಲಿನದನ್ನು ಸ್ವಲ್ಪ ಬೇಗ ಹೇಳುತ್ತೇನೆ. 1970ರಲ್ಲಿ ಜಪಾನಿನ ಒಸಾಕಾದ ಒಂದು ರೈಲು ನಿಲ್ದಾಣಕ್ಕೆ ಈ ಟೈಲ್ಸ್ ಬಂತು. 1973ರಲ್ಲಿ ಟೋಕಿಯೋದ ತಕಾದನೊಬಾಬ ನಿಲ್ದಾಣದಲ್ಲಿ ಕಣ್ಣು ಕಾಣದ ಒಬ್ಬರು ಪ್ಲಾಟ್‌ಫಾರಂನಿಂದ ಕೆಳಗೆ ಬಿದ್ದು ರೈಲಿಗೆ ಸಿಕ್ಕಿ ತೀರಿಕೊಂಡರು. ವಿಷಯ ಕೋರ್ಟಿಗೆ ಹೋಯಿತು. ಪ್ಲಾಟ್‌ಫಾರಂ ಅಂಚಿಗೆ ಈ ಉಬ್ಬು ಬೇಕೇ ಬೇಕು ಎಂಬ ಮಾತು ಆಗ ಗಟ್ಟಿಯಾಯಿತು. ಮಿಯಾಕೆ ತೀರಿಕೊಂಡದ್ದು 1982ರಲ್ಲಿ. 2001ರಲ್ಲಿ ಜಪಾನ್ ಇದಕ್ಕೆ ಒಂದು ಅಳತೆ ನಿಗದಿ ಮಾಡಿತು. 2012ರಲ್ಲಿ ಅಂತರರಾಷ್ಟ್ರೀಯ ಮಾನದಂಡವೂ ಬಂತು. 2011ರಲ್ಲಿ ನಮ್ಮ ಮೆಟ್ರೋ ಶುರುವಾಯಿತಲ್ಲ, ಒಕಾಯಾಮದ ಆ ಪಾಚಿ ಬೆಂಗಳೂರಿನಲ್ಲೂ ನಮ್ಮ ಕಾಲ ಕೆಳಗೆ ಬಂದು ಕೂತಿದೆ.

[ದೃಶ್ಯ: ಫುಟ್‌ಪಾತ್. ಹಳದಿ ಪಟ್ಟಿಯ ಮೇಲೆ ನಿಲ್ಲಿಸಿದ ಸ್ಕೂಟರ್.]

ಈಗ ನಮ್ಮ ಸರದಿ. ನನ್ನ ಗೆಳೆಯ ಒಬ್ಬನಿಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಈ ವಿಡಿಯೋ ಮಾಡುವ ಮೊದಲು ಒಂದು ಬೆಳಗ್ಗೆ ಅವನ ಜೊತೆ ಓಡಾಡಿದೆ. ದರ್ಶಿನಿಯೊಳಗೆ ಹೋದಾಗ ಅವನು ನೇರವಾಗಿ ಕಾಫಿ ಕೊಡುವ ಕಡೆಗೆ ನಡೆದ. ಹೇಗೋ ಅಂದೆ. ಸ್ಟೀಲ್ ಲೋಟ ಕಲ್ಲಿನ ಮೇಲೆ ಇಡುವ ಸದ್ದು ಅಲ್ಲಿಂದಲೇ ತಾನೇ ಬರೋದು, ಅಂದ. ನಾನು ಅದೇ ಹೋಟೆಲ್ಲಿಗೆ ಎಷ್ಟು ವರ್ಷದಿಂದ ಹೋಗುತ್ತಿದ್ದೇನೋ, ಆ ಸದ್ದು ಅವತ್ತೇ ನನಗೆ ಮೊದಲ ಸಲ ಕೇಳಿಸಿದ್ದು.

ಹೊರಗೆ ಬಂದು ಹಳದಿ ಪಟ್ಟಿ ಹಿಡಿದು ನಡೆದೆವು. ಮೂವತ್ತು ಹೆಜ್ಜೆಗೆ ಒಂದು ಸ್ಕೂಟರ್. ಅದನ್ನು ಸುತ್ತಿ ಬಂದರೆ ಒಂದು ಕರೆಂಟ್ ಕಂಬ, ಸರಿಯಾಗಿ ಪಟ್ಟಿಯ ನಡುವೆ. ಇದು ನನಗೆ ನಿಜವಾಗಿಯೂ ಬೇಸರ ತರಿಸಿತು. ದಾರಿ ಹಾಕಿ ಅದರ ಮಧ್ಯೆ ಕಂಬ ಬಿಟ್ಟರೆ, ದಾರಿ ಇದೆ ಅಂತ ನಂಬಿ ಬಂದವರ ಹಣೆಗೆ ಪೆಟ್ಟು. ಟೈಲ್ಸ್ ಹಾಕುವ ದಿನ ಇವನಂಥ ಒಬ್ಬರನ್ನು ಕರೆದು ಹತ್ತು ನಿಮಿಷ ನಡೆಸಿ ನೋಡಿದ್ದರೆ ಇಂಥದ್ದು ಆಗುತ್ತಿರಲಿಲ್ಲ.

ನಾವು ಏನು ಮಾಡಬಹುದು ಅಂತ ಅವನನ್ನೇ ಕೇಳಿದೆ. ಸಮಯ ಆಗುತ್ತಾ ಬಂತು, ಅವನು ಹೇಳಿದ್ದನ್ನು ಒಟ್ಟಿಗೆ ಹೇಳಿಬಿಡುತ್ತೇನೆ. ಹಳದಿ ಪಟ್ಟಿಯ ಮೇಲೆ ನಿಲ್ಲಬೇಡಿ, ಗಾಡಿ ನಿಲ್ಲಿಸಬೇಡಿ. ರಸ್ತೆ ದಾಟಿಸಬೇಕೆನಿಸಿದರೆ ಸುಮ್ನೆ ಕೈ ಹಿಡಿದು ಎಳೆಯಬೇಡಿ, ಮೊದಲು ಕೇಳಿ. ಹೂಂ ಅಂದರೆ ನಿಮ್ಮ ಮೊಣಕೈ ಕೊಡಿ, ಅವರು ಹಿಡಿದುಕೊಂಡು ಅರ್ಧ ಹೆಜ್ಜೆ ಹಿಂದೆ ಬರುತ್ತಾರೆ. ಕೋಲನ್ನು ಮುಟ್ಟಲೇಬೇಡಿ. "ಅಲ್ಲಿದೆ, ಇಲ್ಲಿದೆ" ಅಂದರೆ ಏನೂ ಗೊತ್ತಾಗುವುದಿಲ್ಲ. "ನಿಮ್ಮ ಬಲಕ್ಕೆ, ಎರಡು ಹೆಜ್ಜೆಗೆ ಮೆಟ್ಟಿಲು" ಅನ್ನಿ. ಮಾತು ಮುಗಿಸಿ ಹೊರಡುವಾಗ ಹೊರಟೆ ಅಂತ ಹೇಳಿ ಹೋಗಿ, ಇಲ್ಲದಿದ್ದರೆ ಅವರು ಗಾಳಿಯ ಜೊತೆ ಮಾತಾಡುತ್ತಾ ಉಳಿಯುತ್ತಾರೆ.

ವಿದ್ಯಾರ್ಥಿಗಳಿಗೆ ಇನ್ನೊಂದು. ಕಣ್ಣು ಕಾಣದ ಮಕ್ಕಳಿಗೆ ಪರೀಕ್ಷೆಯಲ್ಲಿ ಬರೆದುಕೊಡುವವರು ಬೇಕು, ಸ್ಕ್ರೈಬ್ ಅಂತಾರೆ. ಅವರು ಹೇಳಿದ್ದನ್ನು ಹೇಳಿದ ಹಾಗೆ ಬರೆಯಬೇಕು, ಅಷ್ಟೇ ಕೆಲಸ. ಪರೀಕ್ಷೆ ಹತ್ತಿರ ಬಂದಾಗ ಕನ್ನಡ ಚೆನ್ನಾಗಿ ಬರೆಯುವವರು ಸಿಗದೆ ಇವರು ಒದ್ದಾಡುತ್ತಾರೆ. ನಿಮ್ಮೂರಿನ ಅಂಧರ ಶಾಲೆಗೋ ಹಾಸ್ಟೆಲ್ಲಿಗೋ ಹೋಗಿ ಹೆಸರು ಬರೆಸಿ ಬನ್ನಿ. ಒಂದೊಂದು ಪರೀಕ್ಷೆಗೆ ಒಂದೊಂದು ನಿಯಮ ಇರುತ್ತದೆ, ಮೊದಲೇ ಕೇಳಿಕೊಳ್ಳಿ.

ಹಾಸನದ ತಂಗಿಗೆ: ಪೆನ್ನು ಪುಸ್ತಕ ಈಗ ಪಕ್ಕಕ್ಕಿಡಿ. ಈ ವಾರ ಒಬ್ಬರ ಜೊತೆ ಅರ್ಧ ದಿನ ಓಡಾಡಿ ಬನ್ನಿ. ಕಣ್ಣು ಕಾಣದವರೇ ಆಗಬೇಕೆಂದಿಲ್ಲ. ಮಂಡಿ ನೋವಿನಿಂದ ಬಸ್ ಹತ್ತಲಾಗದ ನಿಮ್ಮ ಅಜ್ಜಿ ಆಗಬಹುದು. ಅವರ ಕಾಲಿಗೆ, ಕೈಗೆ ಏನು ಗೊತ್ತು ಅಂತ ಕೇಳಿ. ಕೇಳಿದ್ದನ್ನು ನನಗೂ ಬರೆಯಿರಿ.

[ದೃಶ್ಯ: ಅದೇ ಫುಟ್‌ಪಾತ್. ಹೂವಿನ ಬುಟ್ಟಿ.]

ಅವತ್ತು ವಾಪಸ್ ಬರುವಾಗ ಪಟ್ಟಿಯ ಮೇಲೆ ಒಂದು ಹೂವಿನ ಬುಟ್ಟಿ ಇತ್ತು. "ಅಮ್ಮಾ, ಬುಟ್ಟಿ ಸ್ವಲ್ಪ ಆ ಕಡೆ ಇಡ್ತೀರಾ? ಇದು ಕಣ್ಣು ಕಾಣದವರು ನಡೆಯೋ ದಾರಿ" ಅಂದೆ. ಹೂ ಕಟ್ಟುತ್ತಿದ್ದ ಅಮ್ಮ ಕೈ ನಿಲ್ಲಿಸಿ, ಬುಟ್ಟಿ ಎತ್ತಿ, ಒಂದು ಬೆರಳಿನಿಂದ ಆ ಉಬ್ಬನ್ನು ಸವರಿ ನೋಡಿದರು. ಇಷ್ಟು ದಿನ ಗೊತ್ತೇ ಇರಲಿಲ್ಲವಲ್ಲ ಅಂದರು.

ಮೊನ್ನೆ ಶೂಟಿಂಗ್‌ಗೆ ಅಂತ ಮತ್ತೆ ಅಲ್ಲಿಗೆ ಹೋಗಿದ್ದೆವು. ಬುಟ್ಟಿ ಗೋಡೆಗೆ ಒರಗಿ ಕೂತಿತ್ತು. ಒಬ್ಬ ಹುಡುಗ ಬಂದು ಬೈಕ್ ಸ್ಟ್ಯಾಂಡ್ ಹಾಕುತ್ತಿದ್ದ. ಅಮ್ಮ ಕೂತಲ್ಲಿಂದಲೇ ಕೂಗಿದರು. "ಅಲ್ಲಿ ಬೇಡಪ್ಪಾ, ಅದು ಕಣ್ಣು ಕಾಣದವ್ರ ದಾರಿ. ಈ ಕಡೆ ಹಾಕು, ನಾನು ನೋಡ್ಕೊಂಡಿರ್ತೀನಿ."