ಸೈಟೇಶನ್ ಆರಿಸೋದು, ಶಿರಸಿ ಜಗಲಿ ವರ್ಶನ್

ಆ ಕಟಕಟ ಶಬ್ದ ಅಪ್ಪಯ್ಯಂದು, ಚಾಲಿ ಅಡಿಕೆ ಆರಿಸ್ತಿದ್ದಾರೆ, ಬಿಳೆಗೋಟು ಒಂದ್ಕಡೆ ಕೋಕ ಒಂದ್ಕಡೆ. ಈ ಕಡೆ ನಾನು ಸೈಟೇಶನ್ ಆರಿಸ್ತಿದ್ದೀನಿ. ಸೈಟೇಶನ್ ಅಂದ್ರೆ ಒಂದು ಸಂಶೋಧನಾ ಪೇಪರ್ ಇನ್ನೊಂದರ ಹೆಸರು ತಗೊಳ್ಳೋದು, ಯಾಕೆ ತಗೊಂಡಿದೆ? ಅದನ್ನ ಮಷೀನ್ ಹೇಳ್ಬೇಕು ಅಂದ್ರೆ ಮೊದ್ಲು ನಮ್ಮಂಥವರು ಕೂತು ಲೇಬಲ್ ಹಚ್ಬೇಕು.

ಯಾಕೆ ಬೇಕು ಇದೆಲ್ಲ ಅಂತೀರಾ, ಲೆಕ್ಕಕ್ಕೆ ಎಲ್ಲಾ ಸೈಟೇಶನ್ನೂ ಒಂದೇ, ಹೊಗಳಿದ್ರೂ ಒಂದು, ಉಗಿದ್ರೂ ಒಂದು! 1975ರಲ್ಲೇ ಮೊರಾವ್ಚಿಕ್, ಮುರುಗೇಶನ್ ಅಂತ ಇಬ್ರು ಫಿಸಿಕ್ಸ್ ಪೇಪರ್ ತೆಗ್ದು ನೋಡಿದ್ರು, ನೂರಕ್ಕೆ ಹತ್ತಿರ ಹತ್ತಿರ 40 ಸೈಟೇಶನ್ ಬರೀ ಶಾಸ್ತ್ರಕ್ಕೆ ಹಾಕಿದ್ದು.

ಈಗ ಸ್ಕ್ರೀನ್ ನೋಡಿ, ಈ ಹಳದಿ ಸಾಲು. 'ಈ ದಿಕ್ಕಿನಲ್ಲಿ ಇವರದು ಮಹತ್ವದ ಪ್ರಯತ್ನ' ಅಂತಿದೆ, ಬ್ರಾಕೆಟಲ್ಲಿ ನಂಬರ್ರು. ಬ್ಯಾಕ್‌ಗ್ರೌಂಡ್ ಅಂತ, ಅಂದ್ರೆ ಬರೀ ಹಿನ್ನೆಲೆಗೆ ಹೇಳಿದ್ದು ಅಂತ ಒತ್ತಿ ಮುಂದೆ ಹೋಗೋಣ ಅನ್ಸತ್ತೆ ಅಲ್ವಾ? ಲೇಬಲ್ ಹಚ್ಚೋ ಟೂಲ್ ತೋರ್ಸೋದೂ ಇಷ್ಟೇ. ಪಿಡಿಎಫ್ ತೆಗ್ದೆ, ಮುಂದಿನ ಸಾಲು 'ಆದರೆ ಉದ್ದ ವಾಕ್ಯಗಳಲ್ಲಿ ಇದು ಸೋಲುತ್ತದೆ', ಅದರಾಚೆ ಸಾಲು 'ಆದ್ದರಿಂದ ನಾವು'. ಅಂದ್ರೆ ಮೊದ್ಲು ಹಾರ ಹಾಕಿ ಆಮೇಲೆ ಅದೇ ಕೈಯಲ್ಲಿ ಕುತ್ತಿಗೆ ಹಿಸುಕಿದ್ದಾರೆ, ಆ ಎರಡ್ನೇ ಸಾಲಲ್ಲಿ ನಂಬರ್ ಇಲ್ಲ, 'ಇದು' ಅಂತ ಮಾತ್ರ ಇದೆ, ಹಾಗಾಗಿ ಟೂಲ್ ಕಣ್ಣಿಗೆ ಅದು ಬೀಳೋದೇ ಇಲ್ಲ. ಒಂದೇ ಸಾಲು ಕತ್ತರಿಸಿ ಕೊಟ್ರೆ ಮಷೀನ್ ಏನು ಮಾಡ್ಬೇಕು ಹೇಳಿ, ನಂಗೇ ಗೊತ್ತಾಗ್ಲಿಲ್ಲ. ಸಂಶೋಧಕರು ಬೈಯೋದು ಹೀಗೇ, ಮದುವೆ ಮನೇಲಿ ಅಡುಗೆ ಬಗ್ಗೆ ನಮ್ಮ ಅತ್ತೆಯಂದಿರು ಮಾತಾಡ್ದಂಗೆ, 'ಪಾಯಸ ಚೆನ್ನಾಗಿತ್ತಪ್ಪ, ಸ್ವಲ್ಪ...' ಅಂತ ನಿಲ್ಸಿಬಿಡೋದು.

ಎಷ್ಟು ಕ್ಲಾಸ್, ಅಂದ್ರೆ ಎಷ್ಟು ಥರದ ಲೇಬಲ್ ಇರ್ಬೇಕು ಅನ್ನೋದು ಇನ್ನೊಂದು ಜಗಳ. 1960ರ ದಶಕದಲ್ಲಿ ಗಾರ್ಫೀಲ್ಡ್ ಅನ್ನೋರು ಸೈಟ್ ಮಾಡೋಕೆ 15 ಕಾರಣ ಪಟ್ಟಿ ಮಾಡಿದ್ರು, ಹಿರಿಯರಿಗೆ ಗೌರವ ಅನ್ನೋದೂ ಅದ್ರಲ್ಲಿದೆ. 2006ರಲ್ಲಿ ಟಾಯ್ಫೆಲ್ ತಂಡ 12 ಇಟ್ಕೊಳ್ತು, 2018ರಲ್ಲಿ ಜರ್ಗನ್ಸ್ ತಂಡ 6, 2019ರ ಸೈಸೈಟ್ ಅನ್ನೋ ಡೇಟಾಸೆಟ್‌ನಲ್ಲಿ ಬರೀ 3: ಬ್ಯಾಕ್‌ಗ್ರೌಂಡ್, ಮೆಥಡ್, ರಿಸಲ್ಟ್ ಹೋಲಿಕೆ. ಬೈದಿದ್ದನ್ನ ಎಲ್ಲಿ ಹಾಕೋದ್ರೀ? ಶುದ್ಧ ಸೋಮಾರಿತನ ಇದು.

...ಹಾಂ, ಬಂದೆ ಆಯಿ! ಆಸ್ರಿಗೆ ಬೇಕನ ಅಂತ ಕೇಳ್ತಿದ್ದಾರೆ. ಮುರುಗಲು ಶರಬತ್ತು, ಬೆಂಗಳೂರಲ್ಲಿ ಬಾಟ್ಲಿಯಲ್ಲಿ ಬರತ್ತಲ್ಲ ಅದಲ್ಲ, ಅದು ಬರೀ ಸಕ್ಕರೆ ನೀರು.

ಎಲ್ಲಿದ್ದೆ, ಹಾಂ, 3 ಕ್ಲಾಸು. ಇಲ್ಲ, ತಡೀರಿ, ಸೋಮಾರಿತನ ಅಲ್ಲ. ಆ ಹಳದಿ ಸಾಲನ್ನೇ ಗೆಳೆಯನಿಗೆ ಕಳ್ಸಿದ್ದೆ, ಅವ್ನು 'ಮೋಟಿವೇಶನ್' ಅಂತಾನೆ, ಅಂದ್ರೆ ಹೊಸ ಕೆಲ್ಸಕ್ಕೆ ಕಾರಣ ಇದೇ ಅಂತ, ನಾನು 'ಹೋಲಿಕೆ' ಅಂತೀನಿ. ಇಬ್ರು ಮನುಷ್ಯರೇ ಒಪ್ಪದಿದ್ರೆ 12 ಕ್ಲಾಸ್ ಇಟ್ಕೊಂಡು ಮಷೀನಿಗೆ ಏನ್ ಕಲಿಸ್ತೀರಾ. ಇನ್ನೊಂದು, ಅರ್ಧಕ್ಕಿಂತ ಜಾಸ್ತಿ ಬ್ಯಾಕ್‌ಗ್ರೌಂಡೇ ಇರತ್ತೆ, ಎಲ್ಲದಕ್ಕೂ ಬ್ಯಾಕ್‌ಗ್ರೌಂಡ್ ಅಂದ್ಬಿಟ್ರೂ ಮಷೀನ್ ಅರ್ಧ ಪಾಸು, ಅದಕ್ಕೇ ಪ್ರತಿ ಕ್ಲಾಸಿನ ಸ್ಕೋರ್ ಬೇರೆ ಬೇರೆ ತೆಗ್ದು ಸರಾಸರಿ ಮಾಡೋದು. ಸೈಸೈಟ್‌ನೋರು ಇನ್ನೊಂದು ಉಪಾಯ ಮಾಡಿದ್ರು, ಸಾಲು ಪೇಪರಿನ ಯಾವ ಸೆಕ್ಷನ್‌ದು ಅಂತ ಊಹಿಸೋದನ್ನೂ ಮಾಡೆಲ್‌ಗೆ ಜೊತೇಲೇ ಕಲಿಸಿದ್ರು, ಅದು ನಂಗೆ ಇಷ್ಟ ಆಯ್ತು.

ಬ್ಯಾಟರಿ ಕೆಂಪು ತೋರಿಸ್ತಿದೆ. ಆ ಹಳದಿ ಸಾಲಿಗೆ ಸದ್ಯ 'ಹೋಲಿಕೆ' ಹಾಕಿದ್ದೀನಿ, ಮೂರೂ ಸಾಲು ಸೇರ್ಸಿ ಸ್ಕ್ರೀನ್‌ಶಾಟ್ ಹಾಕ್ತೀನಿ, ನೀವೇನಂತೀರಾ ಕಮೆಂಟಲ್ಲಿ ಹೇಳಿ.