ಪಾಯಿಂಟ್ ಮಷೀನಿನ ಸ್ಕ್ರೂ ಕಳೆದುಹೋಯಿತಾ? ಪೇಟೆಯಲ್ಲೇ ಹುಡುಕೋಣ

[ದೃಶ್ಯ: ತಲೆಕೆಳಗಾಗಿಸಿದ ಹಲಗೆ. ಅದಕ್ಕೆ ಸಿಕ್ಕಿಸಿದ ಪಾಯಿಂಟ್ ಮಷೀನ್. ತೀರಾ ಹತ್ತಿರದಿಂದ: ಸ್ಕ್ರೂ ಇಲ್ಲದ ತೂತು]

ನಮಸ್ಕಾರ. ಇದು ಆಟದ ರೈಲಿನ ಪಾಯಿಂಟ್ ಮಷೀನ್, ಅಂದರೆ ಹಲಗೆಯ ಅಡಿಯಲ್ಲಿ ಕೂತು ಮೇಲಿನ ಹಳಿ ಬದಲಿಸುವ ಪುಟ್ಟ ಯಂತ್ರ. ಈ ತೂತು ನೋಡಿ. ಇಲ್ಲಿ ಅಕ್ಕಿಕಾಳಿನಷ್ಟು ಸ್ಕ್ರೂ ಒಂದು ಇರಬೇಕಿತ್ತು. ಅದು ಬಿದ್ದುಹೋದರೆ ಮೋಟಾರೇನೋ ತಿರುಗುತ್ತದೆ, ಮೇಲಿನ ಹಳಿ ಮಾತ್ರ ಅರ್ಧಕ್ಕೆ ನಿಲ್ಲುತ್ತದೆ. ಇಂಜಿನ್ ಬಂತು, ಹಳಿ ತಪ್ಪಿತು.

ಕಾರವಾರ ಸ್ಟೇಷನ್ನಿನಂಥ ಕಡೆ ಹಳಿ ಬದಲಿಸುವ ಮಷೀನ್ 110 ವೋಲ್ಟಿನದ್ದು. ಅದಕ್ಕೆ ಪಾರ್ಟು ಬೇಕಾದರೆ ರೈಲ್ವೆ ಸ್ಟೋರ್ ಇದೆ. ನಮ್ಮ 12 ವೋಲ್ಟಿನ ಮಷೀನಿಗೆ ಯಾರಿದ್ದಾರೆ? ಹೊರದೇಶದಿಂದ ತರಿಸಬಹುದು. ಸ್ಕ್ರೂಗಿಂತ ಅಂಚೆ ಖರ್ಚೇ ಜಾಸ್ತಿ. ಶಿರಸಿಗಂತೂ ನಿಜವಾದ ರೈಲೇ ಬಂದಿಲ್ಲ, ಅಲ್ಲಿ ಆಟದ ರೈಲಿನ ಅಂಗಡಿ ಹುಡುಕುವುದು ಅತಿಯಾಸೆ ಅಲ್ವಾ?

ಅದಕ್ಕೇ ರೈಲಿನ ಪಾರ್ಟು ಅಂತ ಹುಡುಕಬೇಡಿ. ಅಳತೆ ತಿಳಿದುಕೊಂಡು ಹುಡುಕಿ. ಅದೇ ಸ್ಕ್ರೂ ಬೇರೆ ಕಸುಬಿನವರ ಡಬ್ಬಿಯಲ್ಲಿ ಕೂತಿರುತ್ತದೆ.

[ದೃಶ್ಯ: ವರ್ನಿಯರ್ ಕ್ಯಾಲಿಪರ್ ಬಾಯಲ್ಲಿ ಒಂದು ಸ್ಕ್ರೂ]

ಮೊದಲು ದಪ್ಪ. ಅಮೆರಿಕದ ಮಾಡೆಲ್‌ಗಳಲ್ಲಿ ಮಿಲಿಮೀಟರ್ ಬದಲು ನಂಬರ್ ಲೆಕ್ಕ ಜಾಸ್ತಿ. 2-56 ಅಂದರೆ 2.18 ಮಿಲಿಮೀಟರ್ ದಪ್ಪ, ಒಂದು ಇಂಚಿಗೆ 56 ಥ್ರೆಡ್. 0-80 ಅಂದರೆ 1.52 ಮಿಲಿಮೀಟರ್ ದಪ್ಪ, ಇಂಚಿಗೆ 80 ಥ್ರೆಡ್. ನಮ್ಮ ಪೇಟೆಯಲ್ಲಿ ಸಿಗುವುದು ಎಂ2, ಎಂ1.6, ಅಂದರೆ 2 ಮತ್ತು 1.6 ಮಿಲಿಮೀಟರ್ ದಪ್ಪದವು. ನೋಡಲು ಒಂದೇ ಥರ, ಆದರೆ ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. 2-56ರ ತೂತಿಗೆ ಎಂ2 ಹಾಕಿದರೆ ಲೊಡಲೊಡ ಅನ್ನುತ್ತದೆ. ಎಂ2 ತೂತಿಗೆ 2-56 ತುರುಕಿದರೆ ಥ್ರೆಡ್ಡೇ ಹೋಯಿತು.

[ದೃಶ್ಯ: ಕಿಟಕಿ ಬೆಳಕಿಗೆ ಎದುರಾಗಿ ಎರಡು ಸ್ಕ್ರೂ, ಥ್ರೆಡ್ಡಿಗೆ ಥ್ರೆಡ್ ಒತ್ತಿ ಹಿಡಿದದ್ದು. ನಿಧಾನವಾಗಿ ತೋರಿಸಿ]

ಥ್ರೆಡ್ ನೋಡಲು ಗೇಜ್ ಬೇಕಂತಿಲ್ಲ. ಅದೇ ಮಷೀನಿನ ಇನ್ನೊಂದು ಸ್ಕ್ರೂ ಬಿಚ್ಚಿ. ಅಂಗಡಿಯ ಸ್ಕ್ರೂ ಪಕ್ಕಕ್ಕೆ ಒತ್ತಿ ಬೆಳಕಿಗೆ ಹಿಡಿಯಿರಿ. ಹಲ್ಲಿಗೆ ಹಲ್ಲು ಕೂತು ನಡುವೆ ಬೆಳಕು ಕಾಣದಿದ್ದರೆ ಥ್ರೆಡ್ ಒಂದೇ. ಇಲ್ಲಿ ನೋಡಿ, ಮೊದಲ ಎರಡು ಹಲ್ಲು ಕೂತಿವೆ. ನಾಲ್ಕನೇದಕ್ಕೆ ಬರುವಾಗ ಸಂದು ಬಿಟ್ಟಿದೆ. ಇದು ಬೇರೆ ಸ್ಕ್ರೂ, ವಾಪಸ್ ಕೊಡಿ. ಇನ್ನೊಂದು ಮೋಸ ಇದೆ. ಎಂ2.5ರ ಥ್ರೆಡ್ 0.45 ಮಿಲಿಮೀಟರಿಗೆ ಒಂದು, 2-56ರದ್ದೂ ಹೆಚ್ಚುಕಡಿಮೆ ಅಷ್ಟೇ. ಈ ಪರೀಕ್ಷೆಯಲ್ಲಿ ಎರಡೂ ಪಾಸ್! ಅದಕ್ಕೇ ದಪ್ಪವನ್ನೂ ಅಳೆಯಬೇಕು.

[ದೃಶ್ಯ: ಪೇಟೆ ಬೀದಿ, ಸಣ್ಣ ಅಂಗಡಿಗಳ ಸಾಲು]

ಎಲ್ಲಿ ಸಿಗುತ್ತವೆ? ಕಾರವಾರದ ಗ್ರೀನ್ ಸ್ಟ್ರೀಟ್ ಇರಲಿ, ಶಿರಸಿಯ ಸಿ.ಪಿ. ಬಜಾರ್ ಇರಲಿ, ಹಾರ್ಡ್‌ವೇರ್ ಅಂಗಡಿಗೆ ಮೊದಲು ಹೋಗಬೇಡಿ. ಅಲ್ಲಿ ಎಂ3ಕ್ಕಿಂತ ಸಣ್ಣದು ಸಿಗುವುದು ಅಪರೂಪ. ಲ್ಯಾಪ್‌ಟಾಪ್ ರಿಪೇರಿಯವರಲ್ಲಿ ಎಂ2, ಎಂ2.5 ಇರುತ್ತವೆ. ಮೊಬೈಲ್ ರಿಪೇರಿ, ಕನ್ನಡಕದ ಅಂಗಡಿಯಲ್ಲಿ ಅದಕ್ಕಿಂತ ಸಣ್ಣವು. ಕೆಟ್ಟ ಡಿವಿಡಿ ಪ್ಲೇಯರ್, ಪ್ರಿಂಟರ್ ಮನೆಯಲ್ಲಿದ್ದರೆ ಗುಜರಿಗೆ ಹಾಕುವ ಮೊದಲು ಬಿಚ್ಚಿ. ಪ್ಲಾಸ್ಟಿಕ್ಕಿಗೆ ನೇರ ಹೋಗುವ ಸಣ್ಣ ಸ್ಕ್ರೂ, ಕಡ್ಡಿ ಜಾರದಂತೆ ಹಿಡಿಯುವ ಇ-ಕ್ಲಿಪ್, ಸ್ಪ್ರಿಂಗ್ ಎಲ್ಲ ಅದರಲ್ಲೇ ಇವೆ. ಅಂಗಡಿಯಲ್ಲಿ "ರೈಲಿಗೆ ಬೇಕು" ಅಂದರೆ "ಎಂತ ರೈಲು ಮಾರಾಯ್ರೇ?" ಅಂತ ಕೇಳುತ್ತಾರೆ. ಸುಮ್ನೆ ಹಳೇ ಸ್ಕ್ರೂ ಕೌಂಟರ್ ಮೇಲಿಡಿ. "ಇಂಥದ್ದೇ ಒಂದು ಕೊಡಿ" ಅಂದರೆ ಸಾಕು.

[ದೃಶ್ಯ: ಬಾಗಿದ, ತುಕ್ಕು ಹಿಡಿದ ತಂತಿ. ಪಕ್ಕದಲ್ಲಿ ಹೊಳೆಯುವ ಹೊಸ ತಂತಿ]

ಈಗ ತಂತಿ. ನನ್ನ ಪ್ರಕಾರ ಸ್ಕ್ರೂಗಿಂತ ಇದೇ ಮುಖ್ಯ. ಟಾರ್ಟಾಯ್ಸ್ ಅಂತ ಒಂದು ಪಾಯಿಂಟ್ ಮಷೀನ್ ಬರುತ್ತದೆ, ಅದರ ಥರದ ನಿಧಾನ ಮೋಟಾರಿನ ಮಷೀನ್ ಹಳಿಯನ್ನು ತಳ್ಳುವುದು ಒಂದು ಸ್ಪ್ರಿಂಗ್ ತಂತಿಯಿಂದ. ಮಷೀನ್ ಜೊತೆ ಬರುವುದು 0.025 ಇಂಚಿನದ್ದು, ಅಂದರೆ ಸುಮಾರು 0.64 ಮಿಲಿಮೀಟರ್. ಹಲಗೆ ದಪ್ಪ ಇದ್ದರೆ ಅದು ಬಳುಕುತ್ತದೆ, ಹಳಿ ಗಟ್ಟಿಯಾಗಿ ಕೂರುವುದಿಲ್ಲ. ಆಗ 0.032 ಇಂಚಿನದ್ದು, ಅಂದರೆ 0.8 ಮಿಲಿಮೀಟರಿನದ್ದು ಹಾಕುತ್ತಾರೆ. ಹೆಚ್ಚಿದ್ದು ಕೂದಲೆಳೆಯಷ್ಟು ಅನ್ನಿಸಬಹುದು. ಆದರೆ ತಂತಿಯ ಬಿಗಿ ದಪ್ಪದ ನಾಲ್ಕನೇ ಘಾತದಲ್ಲಿ ಏರುತ್ತದೆ. ಲೆಕ್ಕ ಹಾಕಿದರೆ ಸುಮಾರು ಎರಡೂಮುಕ್ಕಾಲು ಪಟ್ಟು ಗಟ್ಟಿ! ಅದಕ್ಕಿಂತ ದಪ್ಪಕ್ಕೆ ಹೋಗುವ ಮೊದಲು ಮಷೀನಿನ ತೂತಿಗೆ ಹೋಗುತ್ತದಾ ನೋಡಿ.

ಕರಾವಳಿಯಲ್ಲಿ ಇನ್ನೊಂದು ಕಷ್ಟ. ಉಪ್ಪುಗಾಳಿ, ಮೇಲೆ ನಾಲ್ಕು ತಿಂಗಳ ಮಳೆ. ಮಾಮೂಲಿ ಸ್ಪ್ರಿಂಗ್ ತಂತಿ ತುಕ್ಕು ಹಿಡಿಯುತ್ತದೆ, ಹಲಗೆಯ ತೂತಿನಲ್ಲಿ ಉಜ್ಜುತ್ತದೆ. ಘಟ್ಟದ ಮೇಲಿನವರಿಗೆ ಉಪ್ಪಿಲ್ಲ, ಆದರೆ ತೇವ ಬಿಟ್ಟಿಲ್ಲ. ಇದಕ್ಕೆ ನನಗೆ ಇಷ್ಟವಾದ ದಾರಿ ಹಲ್ಲಿನ ಸೆಟ್ ಮಾಡುವ ಲ್ಯಾಬ್. ಹಲ್ಲಿನ ಕ್ಲಿಪ್ಪಿಗೆ ಅವರು ಬಳಸುವುದು ಗಟ್ಟಿ ಸ್ಟೇನ್‌ಲೆಸ್ ತಂತಿ. 0.7, 0.8, 0.9 ಮಿಲಿಮೀಟರ್ ದಪ್ಪಗಳಲ್ಲಿ ಬರುತ್ತದೆ. ಬಾಯಿಯ ಒದ್ದೆಯಲ್ಲೇ ಬಾಳುವ ತಂತಿಗೆ ನಮ್ಮ ಮಳೆಗಾಲ ಏನು ಮಹಾ? ಗೇಣುದ್ದ ತುಂಡು ಕೇಳಿ ನೋಡಿ.

ಕೇಳುವಾಗ ತಂತಿಯ ದಪ್ಪಕ್ಕೆ ಗೇಜ್ ನಂಬರ್ ಹೇಳಬೇಡಿ, ಮಿಲಿಮೀಟರ್ ಹೇಳಿ. 21 ಗೇಜ್ ಅಂದರೆ ಬ್ರಿಟಿಷ್ ಲೆಕ್ಕದಲ್ಲಿ 0.81, ಅಮೆರಿಕದ ಲೆಕ್ಕದಲ್ಲಿ 0.72.

[ದೃಶ್ಯ: ಚಪ್ಪಟೆ ಮೂತಿಯ ಇಕ್ಕಳದಲ್ಲಿ ತಂತಿ ಬಗ್ಗಿಸುವ ಕೈ]

ಬಗ್ಗಿಸುವುದು ಒಂದೇ ಸಲ. ಗಟ್ಟಿ ತಂತಿಯನ್ನು ಮತ್ತೆ ನೇರ ಮಾಡಿ ಮತ್ತೆ ಬಗ್ಗಿಸಿದರೆ ಮುರಿಯುತ್ತದೆ. ಎಲೆಕ್ಟ್ರಾನಿಕ್ಸ್‌ನ ಸಣ್ಣ ಕಟ್ಟರ್ ಇದಕ್ಕೆ ಬೇಡ, ಅದರ ಬಾಯಿ ಹಾಳಾಗುತ್ತದೆ. ಕತ್ತರಿಸುವಾಗ ತುಂಡು ಸಿಡಿಯುತ್ತದೆ, ಕಣ್ಣಿಗೆ ಕನ್ನಡಕ ಇರಲಿ.

ಪೀಕೋ ಕಂಪನಿಯ ಪಾಯಿಂಟ್, ಅಂದರೆ ಕವಲು ಹಳಿ, ಇರುವವರಿಗೆ ಒಂದು ಮಾತು. ನಿಧಾನ ಮೋಟಾರು ಹಾಕುವಾಗ ಪಾಯಿಂಟಿನ ಒಳಗಿನ ಪುಟ್ಟ ಸ್ಪ್ರಿಂಗ್ ತೆಗೆಯುತ್ತೀರಲ್ಲ, ಅದನ್ನು ಎಸೆಯಬೇಡಿ. ಬೇರೆ ಪಾಯಿಂಟಿನದ್ದು ಹಾರಿಹೋದರೆ ಇದೇ ಬೇಕು. ಇನ್ನು ಮೋಟಾರಿನ ಬದಲು ತಂತಿ ಸುರುಳಿಯ ಅಯಸ್ಕಾಂತದಿಂದ ಹಳಿ ಎಳೆಯುವ ಕಾಯಿಲ್ ಮಷೀನಿನಲ್ಲಿ ಹಿತ್ತಾಳೆ ಸ್ಕ್ರೂ ಇದ್ದ ಜಾಗಕ್ಕೆ ಹಿತ್ತಾಳೆಯದನ್ನೇ ಹುಡುಕಿ. ಕಬ್ಬಿಣದ್ದನ್ನು ಕಾಯಿಲ್ ತನ್ನ ಕಡೆ ಎಳೆಯುತ್ತದೆ.

ಹೊಸ ಸ್ಕ್ರೂ ತಿರುಗಿಸುವಾಗ ಪ್ಲಾಸ್ಟಿಕ್ ತೂತಿಗೆ ಮೊದಲು ಹಿಂದಕ್ಕೆ ತಿರುಗಿಸಿ. ಹಳೇ ಥ್ರೆಡ್ಡಿಗೆ ಬಿದ್ದಾಗ ಟಕ್ ಅನ್ನುತ್ತದೆ, ಆಮೇಲೆ ಮುಂದಕ್ಕೆ. ಬಿಗಿ ಹತ್ತಿದ ಕೂಡಲೇ ನಿಲ್ಲಿಸಿ. ಮತ್ತೆ, ದಯವಿಟ್ಟು ಕೊಬ್ಬರಿ ಎಣ್ಣೆ ಬಿಡಬೇಡಿ. ನಮ್ಮ ಕಡೆ ಎಲ್ಲದಕ್ಕೂ ಅದೇ ಔಷಧ. ಚಳಿಗಾಲದಲ್ಲಿ ಶಿರಸಿಯಲ್ಲಿ ಅದು ಗಟ್ಟಿಯಾಗುತ್ತದೆ, ಮಷೀನೂ ಅದರ ಜೊತೆ ನಿಲ್ಲುತ್ತದೆ.